ಕೆನ್ನೆಗೆ ಸವರಿದ ಅಂಗಿ

ಫೆಬ್ರವರಿ ೪

ಅಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಮೊದಲ ಸಾಲು ಬರೆದು, ಹೊಡೆದುಹಾಕಿ, ಮತ್ತೆ ಅದನ್ನೇ ಬರೆದಿದ್ದೇನೆ. ಚೆನ್ನಾಗಿಯೇ ಇದ್ದೇವೆ. ಮಗು ಹಾಲು ಕುಡಿಯುತ್ತಾಳೆ, ಕಕ್ಕುತ್ತಾಳೆ, ಮತ್ತೆ ಕುಡಿಯುತ್ತಾಳೆ. ತೂಕ ಮಾತ್ರ ಆಮೆಯ ಹಾಗೆ ಏರುತ್ತಿದೆ. ಅವಳನ್ನು ಮೊದಲ ಸಲ ಎತ್ತಿಕೊಂಡಾಗ ನೀನು, "ಒಂದು ಬೊಗಸೆಯಷ್ಟಿದಾಳಲ್ಲೇ!" ಅಂದೆಯಲ್ಲ, ಅಂದಿನಿಂದ ಎಲ್ಲರ ಬಾಯಲ್ಲೂ ಅವಳು ಬೊಗಸೆಯೇ. ಎರಡು ತಿಂಗಳಾದರೂ ಇನ್ನೂ ಬೊಗಸೆಯಾಗಿಯೇ ಉಳಿದಿದ್ದಾಳೆ ಅನ್ನುವುದು ನನ್ನ ಗೋಳು.

ನಿದ್ದೆಯ ವಿಷಯ ಕೇಳಬೇಡ. ಅತ್ತರೆ ಯಾಕೆ ಅಳುತ್ತಿದ್ದಾಳೆ ಅಂತ ಏಳುತ್ತೇನೆ, ಅಳದಿದ್ದರೆ ಯಾಕೆ ಅಳುತ್ತಿಲ್ಲ ಅಂತ ಏಳುತ್ತೇನೆ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತೇನೆ. ಮೊನ್ನೆ ಮಂಪರಿನಲ್ಲಿ ಇವರ ಮೂಗಿನ ಕೆಳಗೂ ಬೆರಳಿಟ್ಟೆನಂತೆ. "ನಾನಿನ್ನೂ ಇದೀನಿ ಕಣೇ, ಮಲಗು" ಅಂದರು. ನಗಬೇಡ.

ಅವಳ ಅಂಗಿಯ ಅಳತೆಗೆ ನೂಲು ಪತ್ರದ ಜೊತೆಗಿದೆ. ಬಿಳಿಯದು ಎದೆಯ ಸುತ್ತಳತೆ. ನೀಲಿಯದು ಭುಜದಿಂದ ಮೊಣಕಾಲಿನವರೆಗೆ, ಗಂಟು ಹಾಕಿರುವುದು ಸೊಂಟ ಬರುವ ಕಡೆ. ಟೇಪಿನಲ್ಲಿ ಅಳೆದು ಫೋನಿನಲ್ಲಿ ಹೇಳುತ್ತೇನೆ ಅಂದರೆ ನೀನು ಕೇಳುವವಳಲ್ಲ. "ಟೇಪು ಹಿಡಿಯೋಕೆ ಬರದವರು ಅದನ್ನ ಎಳೀತಾರೆ. ನೂಲು ಎಳೆದ್ರೆ ಕಿತ್ತೇ ಹೋಗುತ್ತೆ, ಅದಕ್ಕೇ ಅದರ ಮಾತು ನಂಬಬಹುದು" ಅನ್ನುತ್ತೀಯ. ಅದೂ ಅಲ್ಲದೆ ಈಚೆಗೆ ನಿನ್ನೊಂದಿಗೆ ಫೋನಿನಲ್ಲಿ ಮಾತಾಡುವುದೇ ಒಂದು ಶಿಕ್ಷೆ. ಪ್ರತಿ ಮಾತಿಗೂ "ಹಾಂ? ಏನಂದೆ?" ಕೊನೆಗೆ, "ಈ ಡಬ್ಬಿಯೊಳಗೆ ನಿನ್ನ ಮಾತು ಅರ್ಧ ನುಂಗಿಹೋಗುತ್ತೆ, ಬರೆದು ಹಾಕು" ಅಂತ ಇಟ್ಟೇಬಿಡುತ್ತೀಯ. ಸರಿ, ಬರೆದು ಹಾಕುತ್ತಿದ್ದೇನೆ.

ಕೇಳಬೇಕಾದದ್ದು ಒಂದೇ. ಜೂನ್ ಕೊನೆಗೆ ನನ್ನ ರಜೆ ಮುಗಿಯುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷೆಗೆ ಬಂದ ಮಣ್ಣಿನ ಚೀಲಗಳು ನನ್ನ ಮೇಜಿನ ಮೇಲೂ ಕುರ್ಚಿಯ ಮೇಲೂ ಕೂತಿವೆಯಂತೆ. ನೀನು ಬಂದು ಇವಳನ್ನು ನೋಡಿಕೊಳ್ಳುತ್ತೀಯಲ್ಲ? ಮಾತು ಕೊಟ್ಟಿದ್ದೀಯ. ಬೇರೆಯವರ ಕೈಗೆ ಇವಳನ್ನು ಕೊಡುವುದನ್ನು ನೆನೆಸಿಕೊಂಡರೇ ಬಂದ ನಿದ್ದೆಯೂ ಹಾರಿಹೋಗುತ್ತದೆ.

ನಿದ್ದೆಗೆಟ್ಟ
ನಿನ್ನ ಮಗಳು


ಫೆಬ್ರವರಿ ೧೫

ನನ್ನ ಗಾಬರಿ ಮಗಳಿಗೆ,

ಈ ಅಡ್ಡಹೆಸರು ನಿನಗೆ ಸುಮ್ಮನೆ ಬಂದದ್ದಲ್ಲ. ಚಿಕ್ಕವಳಿದ್ದಾಗ ನನ್ನ ಕತ್ತರಿ ಕೆಳಗೆ ಬಿದ್ದ ಸದ್ದಾದರೆ ಸಾಕು, ಓಡಿಬಂದು ನನ್ನ ಕಾಲ್ಬೆರಳು ಎಲ್ಲ ಇವೆಯಾ ಅಂತ ನೋಡುತ್ತಿದ್ದೆ. ಈಗ ಆ ಮಗುವಿನ ಸರದಿ. ಅದರ ಮೂಗನ್ನು ಅದರ ಪಾಡಿಗೆ ಬಿಡು. ನೀನೂ ಹುಟ್ಟಿದಾಗ ಹಿಡಿಯಷ್ಟೇ ಇದ್ದೆ. ಈಗ ನೋಡು, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬರಲ್ಲ.

ಅಂಗಿಗಳನ್ನು ಕಳಿಸಿದ್ದೇನೆ. ಹಳೇ ಮೆತ್ತನೆ ಬಟ್ಟೆಯಲ್ಲೇ ಹೊಲಿದಿದ್ದೇನೆ, ಹೊಸದು ಮಗುವಿಗೆ ಉಜ್ಜುತ್ತೆ. ಒಂದೊಂದನ್ನೂ ಕೆನ್ನೆಗೆ ಸವರಿ ನೋಡಿ ಮಡಚಿದ್ದೇನೆ, ಕಣ್ಣು ಮುಚ್ಚಿಕೊಂಡು ತೊಡಿಸು. ನೀನು ತೆವಳುವಾಗ ಒಂದು ಗುಂಡುಸೂಜಿ ಅಂಗೈಗೆ ಹೊಕ್ಕು ಊರೆಲ್ಲ ಒಂದು ಮಾಡಿದ್ದೆ. ಅವತ್ತೇ ನನ್ನ ಸೂಜಿಗಳ ತಲೆಯನ್ನೆಲ್ಲ ಉಗುರಿನ ಕೆಂಪು ಬಣ್ಣದಲ್ಲಿ ಅದ್ದಿ ಒಣಗಿಸಿದೆ, ನೆಲದಲ್ಲಿ ಬಿದ್ದರೆ ಕಾಣಲಿ ಅಂತ. ಕೆನ್ನೆಯ ಅಭ್ಯಾಸವೂ ಅವತ್ತಿನದೇ. ಕತ್ತರಿ ಹಿಡಿದು ಹಿಡಿದು ಬೆರಳು ಮರಗಟ್ಟಿವೆ, ಅವಕ್ಕೆ ಏನೂ ತಿಳಿಯಲ್ಲ. ಮಡಿಕೆಯೊಳಗಿನದು ಕಣ್ಣಿಗೆ ಕಾಣಲ್ಲ. ಮಗುವಿನ ಚರ್ಮದ ಹತ್ತಿರಕ್ಕೆ ಬರೋವಂಥದ್ದು ನನ್ನ ಮೈಮೇಲೆ ಉಳಿದಿರೋದು ಈ ಕೆನ್ನೆಯೊಂದೇ.

ವಯಸ್ಸಾಯಿತು ಕಣೇ. ಸೂಜಿಗೆ ದಾರ ಪೋಣಿಸೋಕೆ ನಿಮ್ಮಪ್ಪನನ್ನು ಕರೆಯಬೇಕು. ಬಸ್ಸು ಓಡಿಸಿದ ಕಣ್ಣು, ಇನ್ನೂ ಚುರುಕು. ಪೋಣಿಸಿಕೊಟ್ಟು, "ರೈಟ್, ಹೋಗಲಿ" ಅಂತ ಸೀಟಿ ಬೇರೆ ಊದುತ್ತಾರೆ.

ಜೂನಿಗೆ ಬರುತ್ತೇನೆ. ಮಿಷನ್ನು ಬಿಟ್ಟು ಬರಲ್ಲ, ಜಾಗ ನೋಡಿಡು. ನನ್ನ ಮೊಮ್ಮಗಳನ್ನು ಯಾರ ಕೈಗೂ ಕೊಡೋದು ಬೇಡ.

ಅಮ್ಮ

ಎಲ್ಲ ಸರಿಯಾಗಿದೆ. — ಅಪ್ಪ


ಮಾರ್ಚ್ ೧೨

ಅಮ್ಮಾ,

ಅಂಗಿಗಳು ಅಳೆದಿಟ್ಟ ಹಾಗಿವೆ. ಅಳೆದೇ ಹೊಲಿದದ್ದು, ಗೊತ್ತು. ಆದರೂ ಅವಳ ತೋಳು ಅಂಗಿಯ ತೋಳಿನೊಳಗೆ ಇಳಿದಾಗ ನನಗೆ ಅಳು ಬಂತು. ಈಗ ಎಲ್ಲದಕ್ಕೂ ಅಳು ಬರುತ್ತದೆ. ಹಾಲು ಉಕ್ಕಿದರೂ ಬರುತ್ತದೆ.

ನಿನ್ನ ಪತ್ರ ಓದಿ ನಮ್ಮ ಮನೆಯ ಮುಂದಿನ ಕೋಣೆ ಕಣ್ಣಿಗೆ ಬಂತು. ಶಾಲೆಯಿಂದ ಬಂದು ನಾನು ಕತ್ತರಿಸುವ ಮೇಜಿನ ಕೆಳಗೆ ಕೂರುತ್ತಿದ್ದೆ. ಮೇಲಿನಿಂದ ಬಟ್ಟೆಯ ಚೂರುಗಳು ಬೀಳುತ್ತಿದ್ದವು. ಅಂಗಿ ಮುಗಿಯಿತು ಅಂದರೆ ನಿನ್ನ ಕಾಲು ಪೆಡಲಿನ ಮೇಲೆ ನಿಲ್ಲುತ್ತಿತ್ತು. ಬಲಗೈಯಲ್ಲಿ ಕತ್ತರಿ ಇನ್ನೂ ಹಾಗೇ. ಎಡಗೈಯಲ್ಲಿ ಅಂಗಿ ಎತ್ತಿ, ಎಡಗೆನ್ನೆಗೆ ಒತ್ತಿ, ಹೊಲಿಗೆಯ ಗುಂಟ ನಿಧಾನವಾಗಿ ಎಳೆಯುತ್ತಿದ್ದೆ. ಕಣ್ಣು ಮುಚ್ಚಿರುತ್ತಿತ್ತು. ಆಚೆಮನೆಯಾಕೆ ನಿನಗೆ ಇಟ್ಟ ಹೆಸರು ನೆನಪಿದೆಯಾ? "ಬಟ್ಟೆಗೆ ಮುತ್ತು ಕೊಡೋ ಟೈಲರಮ್ಮ." ನನಗೆ ಆಗ ಹೊಟ್ಟೆಕಿಚ್ಚು. ಆ ಊರಿನ ಮಕ್ಕಳ ಅಂಗಿಗಳಿಗೆ ಸಿಕ್ಕಷ್ಟು ನಿನ್ನ ಕೆನ್ನೆ ನನಗೆ ಸಿಗಲಿಲ್ಲ.

ತಮಾಷೆಗೆ ಬರೆದೆ. ಹೊಡೆದುಹಾಕುವುದಿಲ್ಲ, ಇರಲಿ.

ಹೊಸ ನೂಲು ಇಟ್ಟಿದ್ದೇನೆ. ಬಿಳಿಯದು ಒಂದು ಬೆರಳು ಉದ್ದವಾಗಿದೆ! ಮುಂದಿನ ತಿಂಗಳು ಇವಳ ಫೋಟೋ ತೆಗೆಸಬೇಕು ಅಂತ ಇವರ ಹಟ. ಕಾಲರ್ ಇರುವ ಒಂದು ಅಂಗಿ ಹೊಲಿದು ಕೊಡುತ್ತೀಯಾ? ಕತ್ತಿನ ಸುತ್ತಳತೆಗೆ ಹಸಿರು ನೂಲು. ಬಿಗಿಯಾಗದ ಹಾಗೆ ನೋಡಿಕೋ. ಗುಂಡಿ ಬೇಡ, ನುಂಗಿಬಿಟ್ಟರೆ? ಲಾಡಿಯೂ ಬೇಡ, ಕತ್ತಿಗೆ ಸುತ್ತಿಕೊಂಡರೆ? ಏನು ಹಾಕುತ್ತೀಯೋ ನಿನಗೇ ಬಿಟ್ಟದ್ದು.

ನಿನ್ನ ಗಾಬರಿ


ಏಪ್ರಿಲ್ ೯

ಅಮ್ಮಾ,

ಇದನ್ನು ನೇರವಾಗಿ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಕಾಲರಿನ ಅಂಗಿ ತೊಡಿಸಿ ಫೋಟೋ ಅಂಗಡಿಗೆ ಹೊರಟೆವು. ಮೆಟ್ಟಿಲು ಇಳಿಯುವ ಮೊದಲೇ ಬೊಗಸೆ ಅಳಲು ಶುರುಮಾಡಿದಳು. ಎತ್ತಿಕೊಂಡರೆ ಅಳು, ಮಲಗಿಸಿದರೆ ಇನ್ನೂ ಜಾಸ್ತಿ. ಫೋಟೋದವನು ಗಿಲಕಿ ಆಡಿಸಿದ, ಗೊಂಬೆ ಕುಣಿಸಿದ, ಕೊನೆಗೆ "ಇನ್ನೊಂದು ದಿನ ಬನ್ನಿ ಮೇಡಂ" ಅಂದ. ಅಲ್ಲಿಂದ ಡಾಕ್ಟರ ಹತ್ತಿರ ಹೋದೆವು. ಹೊಟ್ಟೆ ಒತ್ತಿ ನೋಡಿ, ಗಾಳಿ ಸೇರಿಕೊಂಡಿದೆ ಅಂತ ಹನಿ ಬರೆದುಕೊಟ್ಟರು. ಹನಿ ಹಾಕಿದೆ. ಬೆನ್ನು ತಟ್ಟಿದೆ. ತಟ್ಟಿದಷ್ಟೂ ಕಿರುಚಿದಳು. ನಾನು ತಟ್ಟುತ್ತಲೇ ಇದ್ದೆ ಅಮ್ಮಾ, ಅದೇ ಜಾಗಕ್ಕೆ.

ಸಂಜೆ ಅಂಗಿ ಬಿಚ್ಚಿದಾಗ ಕತ್ತಿನ ಹಿಂದೆ ರಕ್ತ. ಒಂದು ಕಡೆಯಲ್ಲ, ಗೀರು ಗೀರು. ಕಾಲರಿನ ಎರಡು ಪದರಗಳ ನಡುವೆ ಗುಂಡುಸೂಜಿ ಇತ್ತು. ತಲೆ ಒಳಗೆ, ಮೊನೆ ಹೊರಗೆ. ತಲೆಗೆ ಕೆಂಪು ಬಣ್ಣ.

ಗಾಯ ದೊಡ್ಡದಲ್ಲ, ಒಣಗುತ್ತದೆ ಅಂದರು ಡಾಕ್ಟರು. ಇವರು ಸೂಜಿಯನ್ನು ಒಂದು ಗಾಜಿನ ಶೀಶೆಗೆ ಹಾಕಿ, ಮುಚ್ಚಳ ತಿರುಗಿಸಿ, ಕಪಾಟಿನ ಮೇಲಿಟ್ಟರು. ಇವರು ಬೈದಿದ್ದರೆ ನನಗೆ ವಾಸಿಯಿತ್ತು.

ನಾನು ಕಣ್ಣು ಮುಚ್ಚಿಕೊಂಡು ತೊಡಿಸಿದೆ, ನೀನು ಹೇಳಿದ ಹಾಗೆ.

ಈ ಅಂಗಿಯನ್ನು ಕೆನ್ನೆಗೆ ಸವರಿದ್ದೆಯಾ? ಇಷ್ಟು ಹೇಳು, ಸಾಕು.

ಮಗಳು


ಏಪ್ರಿಲ್ ೧೭

ಮಗಳೇ,

ಪತ್ರ ಬಂದ ದಿನದಿಂದ ಊಟ ರುಚಿಸುತ್ತಿಲ್ಲ. ಮಗು ಹೇಗಿದೆ? ಗಾಯಕ್ಕೆ ಕೀವು ಕಟ್ಟಿಲ್ಲ ತಾನೇ?

ಸೂಜಿ ನಂದೇ ಇರಬೇಕು. ಕೆಂಪು ತಲೆಯದು ಬೇರೆ ಯಾರ ಹತ್ತಿರ ಇದೆ? ಆದರೆ ಸವರದೆ ಕಳಿಸಿದೆ ಅಂತ ಮಾತ್ರ ಹೇಳಬೇಡ. ಸವರಿದ್ದೇನೆ. ಆ ಕಾಲರನ್ನು ಎರಡೆರಡು ಸಲ ಸವರಿದ್ದೇನೆ, ನಿನ್ನ ಗಾಬರಿ ನೆನೆದುಕೊಂಡೇ ಸವರಿದ್ದೇನೆ. ಬೆಣ್ಣೆಯ ಹಾಗಿತ್ತು. ಇಷ್ಟು ವರ್ಷ ಎಷ್ಟು ಮಕ್ಕಳು ನನ್ನ ಕೈಯ ಅಂಗಿ ತೊಟ್ಟಿವೆ, ಒಂದು ತಾಯಿ ಬಂದು ಬಾಗಿಲು ಬಡಿದಿಲ್ಲ. ಈಗ ಬಡಿದವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು.

ನಿನ್ನ ಮದುವೆಯಲ್ಲಿ ನನ್ನ ಸೂಜಿಗಳದೇ ಒಂದು ಪೆಟ್ಟಿಗೆ ಕೊಟ್ಟಿದ್ದೆ, ನೆನಪಿದೆಯಾ? ಅದನ್ನು ಎಲ್ಲಿಟ್ಟಿದ್ದೀ, ನೋಡು. ತಿಂಗಳುಗಟ್ಟಲೆ ನಿದ್ದೆ ಇಲ್ಲದವಳಿಗೆ ಕೈ ಎಲ್ಲಿ ಹೋಯಿತು, ಕಾಲು ಎಲ್ಲಿ ಹೋಯಿತು ಗೊತ್ತಾಗಲ್ಲ. ಗಂಡನ ಮೂಗಿಗೇ ಬೆರಳಿಟ್ಟವಳು ನೀನು. ಕಾಲರು ನಿಲ್ಲಲಿಲ್ಲ ಅಂತ ನೀನೇ ಒಂದು ಚುಚ್ಚಿ ಮರೆತಿರಬಹುದು. ಬೈಯೋಕೆ ಅಂತ ಹೇಳುತ್ತಿಲ್ಲ. ಬಾಣಂತನದಲ್ಲಿ ಎಲ್ಲರಿಗೂ ಆಗುವಂಥದ್ದೇ.

ಮಗುವಿಗೆ ನನ್ನ ಮುತ್ತು.

ಅಮ್ಮ


ಏಪ್ರಿಲ್ ೨೪

ಅಮ್ಮಾ,

ನಿನ್ನ ಪತ್ರ ಓದಿದ ಮೇಲೆ ಎರಡು ದಿನ ನಾನೂ ಹಾಗೇ ಅಂದುಕೊಂಡೆ. ನಾನೇ ಚುಚ್ಚಿರಬೇಕು, ನನಗೆ ಮರೆತಿರಬೇಕು. ಮಗುವನ್ನು ಇವರ ಕೈಗೆ ಕೊಟ್ಟು ದೂರ ಕೂತೆ. ನನ್ನ ಮಗುವನ್ನು ಮುಟ್ಟಲು ನನಗೇ ಭಯವಾಯಿತು. ಅದು ಹೇಗಿರುತ್ತದೆ ಅಂತ ನಿನಗೆ ಗೊತ್ತಾ?

ಆಮೇಲೆ ಮಂಚದ ಕೆಳಗಿನ ಟ್ರಂಕು ಎಳೆದು ಹುಡುಕಿದೆ. ನಿನ್ನ ಪೆಟ್ಟಿಗೆ ಸಿಕ್ಕಿತು. ನೀನು ಸುತ್ತಿಕೊಟ್ಟ ಕಾಗದ, ನೀನು ಕಟ್ಟಿದ ದಾರ, ದಾರದ ಮೇಲೆ ನೀನೇ ಹಾಕಿದ ಗಂಟು. ಬಿಚ್ಚಿಯೇ ಇಲ್ಲ. ಹೊಲಿಗೆ ಬಾರದ ಮಗಳು, ಯಾಕೆ ಬಿಚ್ಚಲಿ?

ನೀನು ಅವತ್ತು ಸವರಲಿಲ್ಲ ಅಮ್ಮಾ. ದಣಿದಿದ್ದೆಯೋ, ಯಾರೋ ಬಾಗಿಲಿಗೆ ಬಂದರೋ, ಮರೆತೆ. ಮರೆತೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮರೆತದ್ದು ನನಗೆ ಹೆದರಿಕೆಯಲ್ಲ. ಮರೆತದ್ದು ನಿನಗೇ ಗೊತ್ತಿಲ್ಲವಲ್ಲ, ಅದು ಹೆದರಿಕೆ. ನಾಳೆ ಇವಳನ್ನು ನಿನ್ನ ಕೈಗೆ ಕೊಟ್ಟು ಹೋದಾಗ, ಒಲೆ ಆರಿಸಿದೆ ಅನ್ನುತ್ತೀಯ, ಬಾಗಿಲು ಹಾಕಿದೆ ಅನ್ನುತ್ತೀಯ. ನಾನು ಯಾವುದನ್ನು ನಂಬಲಿ?

ಇವರ ಕಚೇರಿಯ ಹತ್ತಿರ ಒಂದು ಶಿಶುವಿಹಾರವಿದೆ. ಜೂನ್ ಕೊನೆಯಿಂದ ಅಲ್ಲಿಗೆ ಬಿಡುವುದೆಂದು ತೀರ್ಮಾನಿಸಿದ್ದೇವೆ. ನೀನು ಬರುವುದು ಬೇಡ. ಬಟ್ಟೆಯನ್ನೂ ಸದ್ಯಕ್ಕೆ ಹೊಲಿಯಬೇಡ. ಅಂಗಡಿಯದು ನಡೆಯುತ್ತದೆ.

ಮಗಳು


ಮೇ ೨೦

ಅಮ್ಮಾ,

ಉತ್ತರ ಬರಲಿಲ್ಲ. ಫೋನ್ ಮಾಡಿದರೆ ಪ್ರತಿ ಸಲ ಅಪ್ಪನೇ ಎತ್ತುತ್ತಾರೆ. "ಹೊಲೀತಿದಾಳೆ" ಅನ್ನುತ್ತಾರೆ. ಹಿಂದೆ ಮಿಷನ್ನಿನ ಸದ್ದು ಮಾತ್ರ ಕೇಳಿಸುವುದಿಲ್ಲ.

ಶಿಶುವಿಹಾರ ನೋಡಿ ಬಂದೆ. ಗೋಡೆಗೆಲ್ಲ ಮೀನಿನ ಚಿತ್ರ. ನೆಲ ಚೊಕ್ಕಟವಾಗಿದೆ. ನೋಡಿಕೊಳ್ಳುವಾಕೆ ಒಳ್ಳೆಯವಳು. ನಾನು ಕೇಳಿದ ಪ್ರಶ್ನೆಗಳಿಗೆಲ್ಲ ತಾಳ್ಮೆಯಿಂದ ಉತ್ತರ ಕೊಟ್ಟು, ಕೊನೆಗೆ "ಮೊದಲ ಮಗುನಾ?" ಅಂದಳು. ಒಂದು ಮಗು ಮೂಲೆಯಲ್ಲಿ ಕೂತು ತನ್ನ ಶರ್ಟಿನ ಅಂಚನ್ನು ಚೀಪುತ್ತಿತ್ತು. ಹೊಲಿಗೆ ಬಿಟ್ಟು ದಾರ ಜೋತಾಡುತ್ತಿತ್ತು. ನಾನು ಹೋಗಿ ಆ ದಾರ ಕಿತ್ತು ಜೇಬಿಗೆ ಹಾಕಿಕೊಂಡು ಬಂದೆ. ನುಂಗಿಬಿಟ್ಟರೆ? ಯಾರದೋ ಮಗು.

ಬೊಗಸೆ ಮಗುಚಿಕೊಳ್ಳುತ್ತಾಳೆ. ಮಗುಚಿದವಳು ಮತ್ತೆ ಅಂಗಾತವಾಗಲು ಬಾರದೆ ಬೈಯುತ್ತಾಳೆ. ಅಂಗಡಿಯ ಅಂಗಿಗಳು ತೋಳಿನಲ್ಲಿ ಉದ್ದ, ಎದೆಯಲ್ಲಿ ಬಿಗಿ. ಮಡಚಿ ಹಾಕುತ್ತೇನೆ. ಮೊನ್ನೆ ಅಭ್ಯಾಸಬಲದಿಂದ ನೂಲು ತೆಗೆದು ಎದೆಯ ಸುತ್ತ ಹಿಡಿದೆ. ಆಮೇಲೆ ಏನು ಮಾಡಬೇಕು ತಿಳಿಯದೆ ಬೆರಳಿಗೆ ಸುತ್ತಿಕೊಂಡು ಕೂತೆ.

ನಾನು ಬರೆದದ್ದು ಸುಳ್ಳು ಅಂತ ಈಗಲೂ ಅನ್ನಿಸುತ್ತಿಲ್ಲ. ಆದರೆ ನಿನ್ನ ಮೌನ ತಡೆಯಲಾಗುತ್ತಿಲ್ಲ. ಬೈದಾದರೂ ಬರೆ.

ಮಗಳು


ಮೇ ೨೯

ಮಗಳಿಗೆ ಅಪ್ಪನ ಆಶೀರ್ವಾದ.

ನಾನು ಪತ್ರ ಬರೆದವನಲ್ಲ. ನಿಮ್ಮಮ್ಮನ ಪತ್ರದ ಕೆಳಗೆ ಜಾಗ ಉಳಿದರೆ ಒಂದು ಸಾಲು ಹಾಕುತ್ತಿದ್ದೆ, ಅಷ್ಟೆ. ಈಗ ಅವಳೇ ಬರೆಯುತ್ತಿಲ್ಲ. ನಾನು ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಅಂಗಡಿಯ ಜಗಲಿ ಮೇಲೆ ಕೂತು ಬರೆಯುತ್ತಿದ್ದೇನೆ.

ಅವಳು ಸರಿಯಿಲ್ಲ. ಕೋಪ ಅಂದುಕೊಂಡಿದ್ದೆ, ಕೋಪವೊಂದೇ ಅಲ್ಲ. ಹೊಲಿದ ಬಟ್ಟೆಯನ್ನೇ ಮತ್ತೆ ಮತ್ತೆ ಕೆನ್ನೆಗೆ ಉಜ್ಜುತ್ತಾ ಕೂರುತ್ತಾಳೆ. "ಸಾಕು ಬಿಡೇ, ಬಟ್ಟೆ ಸವೆದುಹೋಗುತ್ತೆ" ಅಂದರೆ ಸಿಡುಕುತ್ತಾಳೆ. ಮೊನ್ನೆ ಬೆಳಿಗ್ಗೆ ಅವಳ ಕೆನ್ನೆಗೆ ಒಂದು ನೂಲಿನ ಎಳೆ ಅಂಟಿತ್ತು. ಸಂಜೆಯವರೆಗೂ ಹಾಗೇ ಇತ್ತು. ನಾನು ತೆಗೆಯಲು ಹೋದರೆ, "ನಿಮಗೆ ನನ್ನ ಮೈಮೇಲೆಲ್ಲ ತಪ್ಪೇ ಕಾಣೋದು" ಅಂದಳು. ಚಹಾ ಕುಡಿದರೆ ಬಾಯಿಯ ಒಂದು ಮೂಲೆಯಿಂದ ಇಳಿಯುತ್ತೆ, ಒರೆಸಿಕೊಳ್ಳಲ್ಲ. ಹೇಳಿದರೆ ಅಳು. ಮಾತಾಡಬೇಕಾದರೆ ನನ್ನನ್ನು ಬಲಗಡೆಗೆ ಕರೆದು ಕೂರಿಸಿಕೊಳ್ಳುತ್ತಾಳೆ. ಜೀವಮಾನವಿಡೀ ಎಡಗಡೆ ಕೂತವನು ನಾನು. ನಡೆಯುವಾಗಲೂ ಒಂದು ಕಡೆಗೆ ವಾಲುತ್ತಾಳೆ, ಗಾಳಿ ಇಳಿದ ಚಕ್ರದ ಗಾಡಿಯ ಹಾಗೆ.

ಎಲ್ಲ ಮನಸ್ಸಿಗೆ ಹಚ್ಚಿಕೊಂಡದ್ದರಿಂದ ಅಂತ ನನ್ನ ಎಣಿಕೆ. "ನನ್ನ ಮಗಳು ನನ್ನನ್ನ ಸುಳ್ಳಿ ಅಂದಳು" ಅಂತ ಒಂದೇ ಮಾತು. ತಪ್ಪು ಯಾರದಾದರೂ ಇರಲಿ. ನೀನು ಚಿಕ್ಕವಳು, ಒಂದು ಒಳ್ಳೇ ಮಾತು ಬರೆದು ಹಾಕು. ಅಷ್ಟರಲ್ಲಿ ಸರಿಹೋದಾಳು.

ಮಗುವಿನ ಫೋಟೋ ಇದ್ದರೆ ಕಳಿಸು.

ಅಪ್ಪ


ಜೂನ್ ೩

ಅಮ್ಮಾ,

ಇದನ್ನು ಹರಿಯಬೇಡ. ಕೊನೆಯವರೆಗೆ ಓದು.

ಅಪ್ಪ ನನಗೆ ಬರೆದಿದ್ದರು, ಅವರನ್ನು ಬೈಯಬೇಡ. ಓದಿದ ಕೂಡಲೇ ಫೋನ್ ಮಾಡಿ, ಎಳೆ ಅಂಟಿದ್ದು ಯಾವ ಕೆನ್ನೆಗೆ ಅಂತ ಕೇಳಿದೆ. ಎಡಗೆನ್ನೆ ಅಂದರು. ಚಹಾ ಇಳಿಯುವುದು? ಎಡಗಡೆ. ನಾಳೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂದೆ. ನೀನು ಬರುವುದಿಲ್ಲ ಅಂದೆಯಂತೆ. "ನನ್ನ ಕೆನ್ನೆಗೆ ಏನಾಗಿದೆ, ಅವಳ ತಲೆಗೆ ಆಗಿರೋದು" ಅಂದೆಯಂತೆ. ಫೋನಿಗೂ ಬರಲಿಲ್ಲ. ಎರಡು ದಿನದಿಂದ ಇದೇ ಆಯಿತು. ನಾಡಿದ್ದು ಬಸ್ಸು ಹತ್ತಬೇಕೆಂದರೆ ಮಗುವಿಗೆ ಜ್ವರ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಕಾಲರನ್ನು ಸವರಿದ್ದೆ. ನಾನು ನಂಬುತ್ತೇನೆ. ಎರಡೆರಡು ಸಲ ಸವರಿದ್ದೆ, ಬೆಣ್ಣೆಯ ಹಾಗಿತ್ತು. ಅದನ್ನೂ ನಂಬುತ್ತೇನೆ. ಅಮ್ಮಾ, ಸೂಜಿ ಇದ್ದ ಕಾಲರು ಬೆಣ್ಣೆಯ ಹಾಗೆ ಇರುವುದು ಹೇಗೆ? ಇದೊಂದನ್ನು ಯೋಚಿಸು. ಫೋನಿನಲ್ಲಿ ನನ್ನ ಮಾತು ನುಂಗಿಹೋಗುತ್ತದೆ ಅನ್ನುತ್ತೀಯಲ್ಲ, ಯಾವ ಕಿವಿಗೆ ಹಿಡಿಯುತ್ತೀಯ? ಕತ್ತರಿ ಬಲಗೈಯಲ್ಲಿರುತ್ತದೆ. ಎಡಗಿವಿಗೇ ತಾನೇ?

ಡಾಕ್ಟರು ಆಮೇಲೆ. ಮೊದಲು ಮನೆಯಲ್ಲೇ ಒಂದು ಕೆಲಸ ಮಾಡು. ಕಣ್ಣು ಮುಚ್ಚಿಕೋ. ಅಪ್ಪ ಎರಡು ಬಟ್ಟೆ ಚೂರು ತೆಗೆದುಕೊಳ್ಳಲಿ, ಒಂದರಲ್ಲಿ ಗುಂಡುಸೂಜಿ, ಒಂದು ಖಾಲಿ. ಯಾವುದು ಯಾವುದು ಅಂತ ಹೇಳದೆ ಮೆಲ್ಲಗೆ ಸವರಲಿ. ಮೊದಲು ಬಲಗೆನ್ನೆಗೆ, ಆಮೇಲೆ ಎಡಗೆನ್ನೆಗೆ. ನೀನು ಸರಿಯಾಗಿ ಹೇಳಿದರೆ ನಾನು ಇಡೀ ಊರಿನ ಮುಂದೆ ನಿನ್ನ ಕಾಲು ಹಿಡಿಯುತ್ತೇನೆ.

ಗಾಬರಿ ಅಂತ ನೀನೇ ಹೆಸರಿಟ್ಟೆ. ಈ ಒಂದು ಸಲ ನನ್ನ ಗಾಬರಿಯ ಮಾತು ಕೇಳು.

ನಿನ್ನ ಮಗಳು


ಜೂನ್ ೯

ಮಗಳೇ,

ನಿನ್ನ ಬಾಯಿ ಮುಚ್ಚಿಸಬೇಕು ಅಂತಲೇ ಕೂತೆ. ಊಟವಾದ ಮೇಲೆ, ಮುಂದಿನ ಕೋಣೆಯಲ್ಲಿ, ಒಳ್ಳೇ ಬೆಳಕಿನಲ್ಲಿ. ನಿಮ್ಮಪ್ಪ ಎರಡು ಚೂರು ಬಿಳಿ ಬಟ್ಟೆ ಹಿಡಿದು ಬಂದರು, ಜಾದೂಗಾರನ ಹಾಗೆ ಕೈ ಹಿಂದೆ ಕಟ್ಟಿಕೊಂಡು. ನಾನು ಕಣ್ಣು ಮುಚ್ಚಿದೆ.

ಬಲಗೆನ್ನೆಗೆ ಮುಟ್ಟಿಸಿದ್ದೇ ತಡ, "ಅಯ್ಯೋ, ಚುಚ್ಚುತ್ತೆ ಕಣ್ರೀ!" ಅಂದೆ. "ಶಭಾಷ್" ಅಂದರು. ಇನ್ನೊಂದು ಸವರಿದರು. "ಇದು ಖಾಲಿ" ಅಂದೆ. ಅದೂ ಸರಿ. ನಾನು ನಗುತ್ತಿದ್ದೆ, ನಿನಗೆ ಏನೇನು ಬರೆಯಬೇಕು ಅಂತ ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಎಡಗಡೆಗೆ ಬಂದರು. "ಖಾಲಿ" ಅಂದೆ. "ಈಗ?" ಅಂದರು. "ಇದೂ ಖಾಲಿನೇ. ಎರಡೂ ಖಾಲಿ ಹಿಡಿದು ಮೋಸ ಮಾಡ್ತೀರಾ?" ಅಂದೆ. "ಇನ್ನೊಂದ್ಸಲ ನೋಡೇ" ಅಂದರು. "ಖಾಲಿ, ಖಾಲಿ, ಖಾಲಿ. ಎಷ್ಟು ಸಲ ಹೇಳಲಿ?" ಅಂದೆ.

ಕಣ್ಣು ಬಿಟ್ಟೆ. ಅವರ ಕೈಯ ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ. ಸೂಜಿಯ ತಲೆ ಅಂದುಕೊಂಡೆ. ಸೂಜಿಯ ತಲೆ ಅದರ ಪಕ್ಕದಲ್ಲಿತ್ತು.

ನಿಮ್ಮಪ್ಪನ ಮುಖ ನಾನು ಹಾಗೆ ಎಂದೂ ನೋಡಿರಲಿಲ್ಲ. ಬಸ್ಸಿನ ಬ್ರೇಕು ಹಿಡಿಯದ ದಿನವೂ ಹಾಗೆ ಇರಲಿಲ್ಲ.

ನಾಳೆ ಡಾಕ್ಟರ ಹತ್ತಿರ ಹೋಗುತ್ತೇವೆ. ಇವತ್ತು ಬೇರೆ ಕೆಲಸವಿತ್ತು. ಈ ವರ್ಷ ಯಾರ ಯಾರ ಮಕ್ಕಳಿಗೆ ಹೊಲಿದುಕೊಟ್ಟೆ ಅಂತ ನೆನಪು ಮಾಡಿಕೊಂಡು ಮನೆ ಮನೆಗೆ ಹೋದೆವು. "ಹೊಲಿಗೆ ಒಮ್ಮೆ ನೋಡ್ಬೇಕಿತ್ತು ಕಣಮ್ಮಾ, ಅಂಗಿ ಕೊಡ್ತೀಯಾ" ಅಂತ ಕೇಳಿ ಇಸಿದುಕೊಂಡು, ನಿಮ್ಮಪ್ಪನಿಗೆ ಕೊಟ್ಟು ಅವರ ಕೆನ್ನೆಗೆ ಸವರಿಸಿದೆ. ಗಡ್ಡಕ್ಕೆ ಸಿಕ್ಕಿ ಎಳೆ ಏಳುತ್ತಿತ್ತು. ಜನ ನಕ್ಕರು, ನಗಲಿ. ಎಲ್ಲೂ ಏನೂ ಸಿಗಲಿಲ್ಲ. ಸಿಕ್ಕಿದ್ದು ನಮ್ಮ ಬೊಗಸೆಗೆ ಮಾತ್ರ.

ನಾನು ಸವರಿದ್ದೆ ಕಣೇ. ಸವರಿದ್ದೆ ಅನ್ನೋದು ನಿಜ. ಅದು ಇಷ್ಟು ಕೆಲಸಕ್ಕೆ ಬಾರದ ನಿಜ ಅಂತ ಗೊತ್ತಿರಲಿಲ್ಲ.

ಮಗುವಿನ ಜ್ವರ ಇಳಿಯಿತಾ?

ಅಮ್ಮ


ಆಗಸ್ಟ್ ೨೧

ನನ್ನ ಮಗಳಿಗೆ,

ಎದ್ದು ಕೂತು ಬರೆಯುತ್ತಿರುವ ಮೊದಲ ಪತ್ರ ಇದು. ಅಕ್ಷರ ವಾಲಿದರೆ ಕ್ಷಮಿಸು, ನಾನೇ ಇನ್ನೂ ಸ್ವಲ್ಪ ವಾಲುತ್ತೇನೆ.

ಎಡಗಿವಿಯ ಹಿಂದೆ, ತಲೆಯೊಳಗೆ ಬೆಳೆದು ಕೆನ್ನೆಯ ನರವನ್ನೂ ಒತ್ತುತ್ತಿದ್ದ ಗಂಟನ್ನು ಪೂರ್ತಿ ತೆಗೆದಿದ್ದಾರೆ, ಕೆಟ್ಟದ್ದಲ್ಲ ಅಂತ ಕಾಗದವೂ ಬಂತು. ಇನ್ನು ಸ್ವಲ್ಪ ಬಿಟ್ಟಿದ್ದರೆ ಉಸಿರು ನಡೆಸುವ ಮಿದುಳಿನ ಭಾಗವನ್ನೇ ಒತ್ತುತ್ತಿತ್ತು ಅಂದರಂತೆ ದೊಡ್ಡ ಡಾಕ್ಟರು. ನೀನು ಹೋದ ಮೇಲೆ ನಿಮ್ಮಪ್ಪ ಹೇಳಿದರು. ಎಡಗಿವಿ ಹೋಯಿತು, ಹೋದ ಹಾಗೇ. ಕೆನ್ನೆಯನ್ನು ವಾರಕ್ಕೊಮ್ಮೆ ಹತ್ತಿಯಿಂದ ಮುಟ್ಟಿ "ಗೊತ್ತಾಯ್ತಾ?" ಅನ್ನುತ್ತಾರೆ. "ಇಲ್ಲ" ಅನ್ನುತ್ತೇನೆ. ಬರಬಹುದು, ಬರದೆಯೂ ಇರಬಹುದು ಅನ್ನುತ್ತಾರೆ. ಈ ವಯಸ್ಸಿನಲ್ಲಿ ಹೋದದ್ದು ಯಾವುದು ವಾಪಸು ಬಂದಿದೆ? ಹಲ್ಲು ಬಂತಾ, ಕೂದಲು ಬಂತಾ?

ಆಸ್ಪತ್ರೆಯಲ್ಲಿ ನೀನು ಅಷ್ಟು ದಿನ ಪಕ್ಕದಲ್ಲೇ ಇದ್ದೆ. ಗಂಜಿ ಕುಡಿಸಿದೆ, ತಲೆ ಬಾಚಿದೆ, ಬಾಯಿ ಒರೆಸಿದೆ. ಆ ವಿಷಯ ಮಾತ್ರ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೊಗಸೆಯನ್ನು ನನ್ನ ಮಡಿಲಿಗೆ ಹಾಕಿದಾಗ ನಿನ್ನ ಕೈ ಅವಳ ಕೆಳಗೇ ಇತ್ತು. ನೋಡಿದೆ. ತಪ್ಪಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ನಾನೂ ತೆಗೆಯುತ್ತಿರಲಿಲ್ಲ.

ಒಂದು ಅಂಗಿ ಕಳಿಸಿದ್ದೇನೆ. ಅವಳು ಮಡಿಲಲ್ಲಿದ್ದಾಗ ಗೇಣಿನಲ್ಲಿ ಅಳೆದುಕೊಂಡಿದ್ದೆ. ಗುಂಡುಸೂಜಿ ಹಾಕಿಲ್ಲ, ಎಲ್ಲ ಕಚ್ಚಾ ಹೊಲಿಗೆ ಹಾಕಿಯೇ ನಿಲ್ಲಿಸಿದ್ದೇನೆ. ಆದರೂ ಸೂಜಿ ಮುರಿದಿರಬಹುದು, ಏನಾದರೂ ಇರಬಹುದು. ನಾನು ಸವರಿಲ್ಲ. ಕೈ ತಾನಾಗೇ ಎಡಗೆನ್ನೆಗೆ ಹೋಯಿತು, ಇಳಿಸಿದೆ. ಬಲಗೆನ್ನೆ ಕೆಲಸ ಕಲಿತಿಲ್ಲ, ಅದಕ್ಕೆ ಎಲ್ಲವೂ ಚುಚ್ಚಿದ ಹಾಗೇ ಅನ್ನಿಸುತ್ತೆ. ಹಾಗಾಗಿ ಈ ಅಂಗಿ ಮುಗಿದಿಲ್ಲ. ಉಳಿದ ಕೆಲಸ ನಿನ್ನದು. ತೊಡಿಸಲು ಮನಸ್ಸಾಗದಿದ್ದರೆ ಒರೆಸುವ ಬಟ್ಟೆ ಮಾಡಿಕೋ, ನಾನೇನೂ ಅಂದುಕೊಳ್ಳಲ್ಲ.

ಅಮ್ಮ

ಅಂದುಕೊಳ್ಳುತ್ತಾಳೆ. — ಅಪ್ಪ


ಸೆಪ್ಟೆಂಬರ್ ೨

ಅಮ್ಮಾ,

ಅಂಗಿ ಬಂತು. ಭಾನುವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕೂತು ಬಿಚ್ಚಿದೆ. ನೀನು ಹಿಡಿಯುವ ಹಾಗೆ ಎ‌ಡಗೈಯಲ್ಲಿ ಹಿಡಿದೆ. ಎಡಗೆನ್ನೆಗೆ ಒತ್ತಿ, ಕಣ್ಣು ಮುಚ್ಚಿ, ಹೊಲಿಗೆಯ ಗುಂಟ ಎಳೆದೆ. ಮೊದಲ ಸಲ ಏನೂ ತಿಳಿಯಲಿಲ್ಲ. ಎರಡನೆಯ ಸಲ ನಿಧಾನ ಮಾಡಿದೆ. ಆಗ ಬಟ್ಟೆ ಮಾತಾಡಲು ಶುರುಮಾಡಿತು. ಇಲ್ಲಿ ಹೊಲಿಗೆ ತಿರುಗಿದೆ, ಇಲ್ಲಿ ದಾರ ಮುಗಿದು ಹೊಸದು ಶುರುವಾಗಿದೆ, ಇಲ್ಲಿ ನಿನ್ನ ಕೈ ನಡುಗಿದೆ. ಬಲತೋಳಿನ ಒಳಗೆ ಒಂದು ಗಂಟು ಗಟ್ಟಿಯಾಗಿತ್ತು. ಉಗುರಿನಿಂದ ಬಿಡಿಸಿ ಒಳಕ್ಕೆ ಸೇರಿಸಿದೆ. ಮತ್ತೆ ಸವರಿದೆ. ಬೆಣ್ಣೆ.

ಬೊಗಸೆಗೆ ತೊಡಿಸಿದೆ. ಅಳಲಿಲ್ಲ. ಇಡೀ ದಿನ ತೊಟ್ಟಿದ್ದಳು, ಇಡೀ ದಿನ ನಾನು ಅವಳ ಕತ್ತು ನೋಡುತ್ತಿದ್ದೆ. ನನ್ನ ಗಾಬರಿ ಹೋಗಿಲ್ಲ ಅಮ್ಮಾ, ಹೋಗುತ್ತದೆ ಅಂತ ಸುಳ್ಳು ಹೇಳುವುದಿಲ್ಲ. ನೀನು ಬಂದರೂ ನನ್ನ ಕೈ ಅವಳ ಕೆಳಗೆ ಇದ್ದೇ ಇರುತ್ತದೆ, ಇನ್ನೂ ಸ್ವಲ್ಪ ಕಾಲ. ಅದನ್ನು ನೀನು ಸಹಿಸಿಕೊಳ್ಳಬೇಕು.

ಸದ್ಯಕ್ಕೆ ಬೆಳಿಗ್ಗೆ ಶಿಶುವಿಹಾರ ಹಾಗೇ ಇರಲಿ. ಮಧ್ಯಾಹ್ನದಿಂದ ನಾನು ಬರುವವರೆಗೆ ನೀನು, ಅಪ್ಪ. ನೀನು ಹೊಲಿ, ನಾನು ಸಂಜೆ ಬಂದು ಸವರುತ್ತೇನೆ. ಸವರದೆ ಒಂದು ಚೂರೂ ಮನೆಯಿಂದ ಆಚೆ ಹೋಗಕೂಡದು.

ಜೊತೆಗೆ ನೂಲು ಇಟ್ಟಿದ್ದೇನೆ. ಬಿಳಿಯದು, ನೀಲಿಯದು ಎಂದಿನ ಹಾಗೆ. ನಿನ್ನ ಬೊಗಸೆ ಈಗ ಬೊಗಸೆಯಲ್ಲ, ನೂಲು ಹಿಡಿದರೆ ಗೊತ್ತಾಗುತ್ತದೆ. ಕೆಂಪು ನೂಲು ಅವಳದಲ್ಲ. ಅದನ್ನು ನಿನ್ನ ಮಿಷನ್ನಿಗೆ ಹಿಡಿದು ನೋಡು. ಕಿಟಕಿಯ ಕೆಳಗೆ, ಗೋಡೆಯಿಂದ ಅವಳು ತೆವಳುವ ಚಾಪೆಯವರೆಗೆ ಇರುವ ಜಾಗ. ಅಲ್ಲಿದ್ದ ಕಪಾಟನ್ನು ನಿನ್ನೆ ಇವರೇ ಸರಿಸಿದರು. ಶೀಶೆ ಎಲ್ಲಿಗೆ ಹೋಯಿತೋ, ನಾನು ಕೇಳಲಿಲ್ಲ.

ನೀನು ಅಲ್ಲಿ ಕೂತರೆ ಚಾಪೆ ನಿನ್ನ ಬಲಗಡೆಗೆ ಬರುತ್ತದೆ.

ನಿನ್ನ ಮಗಳು